ಟೊಳ್ಳು ಗೋಡೆಗೆ ಕಪಾಟು ಕೂರಿಸಿದ್ದು

ಊರಿಂದ ಬಂದಿದ್ದ ಅಪ್ಪ ನಮ್ಮ ನ್ಯೂಜೆರ್ಸಿ ಮನೆಯ ಅಡುಗೆಮನೆ ಗೋಡೆಯನ್ನು ಬೆರಳಲ್ಲಿ ತಟ್ಟಿ ನೋಡಿದರು. "ಏನೋ ಇದು, ಖಾಲಿ ಡಬ್ಬ ತಟ್ಟಿದ ಹಾಗಿದೆ. ಇದಕ್ಕೆ ಕಪಾಟು ನೇತುಹಾಕ್ತೀಯಾ?"

ಅವರ ಅನುಮಾನ ಸುಮ್ನೆ ಅಲ್ಲ. ತಿಪಟೂರಿನ ನಮ್ಮ ಮನೆಯಲ್ಲಿ ಗೋಡೆಗೆ ಮೊಳೆ ಹೊಡೆದರೆ ಮೊಳೆಯೇ ಬಗ್ಗುತ್ತದೆ. ಇಲ್ಲಿ ಮೇಲೆ ಅರ್ಧ ಇಂಚಿನ ಜಿಪ್ಸಂ ಹಲಗೆ, ಹಿಂದೆ ಬರೀ ಗಾಳಿ. ಭಾರ ಹೊರುವುದು ಒಳಗೆ ನಿಂತಿರುವ ಮರದ ಕಂಬಗಳು. ಇಲ್ಲಿಯವರು ಸ್ಟಡ್ ಎನ್ನುತ್ತಾರೆ. ಒಂದರ ಮಧ್ಯದಿಂದ ಇನ್ನೊಂದರ ಮಧ್ಯಕ್ಕೆ 16 ಇಂಚು. 'ಟೂ ಬೈ ಫೋರ್' ಅಂತ ಹೆಸರು, ಅಳೆದರೆ ಒಂದೂವರೆಗೆ ಮೂರೂವರೆ ಇಂಚು! ಸ್ಕ್ರೂ ಬೀಳಬೇಕಾದ್ದು ಆ ಒಂದೂವರೆ ಇಂಚಿನೊಳಗೆ.

ಕಂಬ ಹುಡುಕುವುದೇ ಅರ್ಧ ಕೆಲಸ. ಅದಕ್ಕೆಂದೇ ಕೊಂಡ ಯಂತ್ರ ಪೈಪ್ ಸಿಕ್ಕರೂ ಕೂಗುತ್ತಿತ್ತು. ಕೊನೆಗೆ ಫ್ರಿಜ್ ಬಾಗಿಲಿಂದ ಮಗಳ ಅಯಸ್ಕಾಂತದ ಬೊಂಬೆ ತಂದು ಗೋಡೆಯ ಮೇಲೆ ಸವರಿದೆ. ಜಿಪ್ಸಂ ಹಲಗೆಗೆ ಹಾಕಿದ ಸ್ಕ್ರೂ ಎಲ್ಲಿದೆಯೋ ಅಲ್ಲಿ ಅಂಟಿಕೊಂಡಿತು. ಸ್ಕ್ರೂ ಇದ್ದಲ್ಲಿ ಕಂಬ ಇರಲೇಬೇಕಲ್ವಾ? ಕಪಾಟು ಮುಚ್ಚುವ ಜಾಗದಲ್ಲೇ ಸಣ್ಣ ಮೊಳೆ ಹೊಡೆದು ಕಂಬದ ಎರಡೂ ಅಂಚು ಗುರುತು ಮಾಡಿಕೊಂಡೆ. ಕಿಟಕಿ ಪಕ್ಕದಲ್ಲಿ ಮಾತ್ರ 16ರ ಲೆಕ್ಕ ನಂಬಬೇಡಿ. ಅಲ್ಲಿ ಜೋಡಿ ಕಂಬ ನಿಲ್ಲಿಸಿರುತ್ತಾರೆ.

ಆಮೇಲೆ ನೆಲ. ಕೆಳಗಿನ ಕಪಾಟುಗಳು ಕೂರುವುದು ಅದರ ಮೇಲೆಯೇ. ರಸಮಟ್ಟ ಇಟ್ಟರೆ 11 ಅಡಿಗೆ ಮುಕ್ಕಾಲು ಇಂಚು ಇಳಿಜಾರು. ನಾನು ತಗ್ಗಿನ ಮೂಲೆಯಿಂದ ಶುರು ಮಾಡಿದ್ದು ತಪ್ಪಾಯಿತು. ಅಲ್ಲಿಯ ಎತ್ತರಕ್ಕೆ ಗೋಡೆಯ ಮೇಲೆ ಎಳೆದ ಗೆರೆಗಿಂತ ನಾಲ್ಕನೆಯ ಕಪಾಟು ಮೇಲೆ ನಿಂತಿತು. ಅದರ ಬುಡ ಕೊಯ್ಯುವುದು ಯಾರಿಗೆ ಬೇಕು? ಎಲ್ಲ ತೆಗೆದು, ನೆಲ ಎಲ್ಲಿ ಎತ್ತರವೋ ಅಲ್ಲಿಂದ 34.5 ಇಂಚಿಗೆ ಗೆರೆ ಎಳೆದೆ. ತಗ್ಗಿರುವ ಕಡೆ ಕಪಾಟಿನ ಕೆಳಗೆ ಬೆಣೆ ಕೊಟ್ಟರೆ ಆಯಿತು. ಮೇಲೆ ಒಂದೂವರೆ ಇಂಚು ಕಟ್ಟೆ ಬಂದರೆ 36.

ಆದರೆ ಮೊದಲು ಹಾಕಬೇಕಾದ್ದು ಮೇಲಿನ ಕಪಾಟು. ಕೆಳಗಿನವು ಇದ್ದರೆ ಅವುಗಳ ಮೇಲೆ ಬಾಗಿ ಬಾಗಿ ಸೊಂಟ ಹೋಗುತ್ತದೆ. ರೂಢಿ ನೆಲದಿಂದ ಅದರ ತಳಕ್ಕೆ 54 ಇಂಚು. ಅಮ್ಮ ಕೈ ಚಾಚಿ ನೋಡಿ, "ನಂಗೆ ಎಟುಕಲ್ಲ ಕಣೋ" ಅಂದರು. 52ಕ್ಕೆ ಇಳಿಸಿದೆ. ಅದಕ್ಕೂ ಕಟ್ಟೆಗೂ ನಡುವೆ 16 ಇಂಚು ಉಳಿಯಿತು. ದೊಡ್ಡ ಜಾರ್ ಹಾಕಿದ ಮಿಕ್ಸಿ ತೂರುತ್ತದೆ, ಅಷ್ಟೇ. ಒಲೆಯ ಮೇಲೆ ಮಾತ್ರ ಮರಕ್ಕೂ ಒಲೆಗೂ ನಡುವೆ 30 ಇಂಚು ಬಿಟ್ಟೆ. ಅದರಲ್ಲಿ ಚೌಕಾಸಿ ಇಲ್ಲ.

ಸ್ಕ್ರೂ ಎರಡೂವರೆ ಇಂಚಿನದು. ಕಪಾಟಿನ ಹಿಂಪಟ್ಟಿ ಮುಕ್ಕಾಲು, ಜಿಪ್ಸಂ ಅರ್ಧ, ಉಳಿದ ಒಂದೂಕಾಲು ಕಂಬದೊಳಗೆ. ಅದಕ್ಕಿಂತ ಉದ್ದದ್ದು ಹಾಕಲು ನನಗೆ ಧೈರ್ಯ ಬರಲಿಲ್ಲ. ಕಂಬದ ನಡುವೆ ತೂತು ಕೊರೆದು ಕರೆಂಟ್ ವೈರ್ ಎಳೆದಿರುತ್ತಾರೆ. ಆ ತೂತು ಅಂಚಿನಿಂದ ಒಂದೂಕಾಲು ಇಂಚು ಒಳಗಿರಬೇಕು, ಇಲ್ಲದಿದ್ದರೆ ಕಬ್ಬಿಣದ ತಗಡು ಹೊಡೆಯಬೇಕು ಅನ್ನೋದು ಇಲ್ಲಿಯ ನಿಯಮ. ಇನ್ನೊಂದು ಮಾತು: ಜಿಪ್ಸಂಗೆ ಬಳಸುವ ಕಪ್ಪು ಸ್ಕ್ರೂ ಇಲ್ಲಿ ಬೇಡ. ಭಾರಕ್ಕೆ ಪಟಕ್ಕನೆ ಮುರಿಯುತ್ತದೆ.

ಎಲ್ಲ ಸರಿ ಹೋಯಿತು ಅನ್ನುವಾಗ 12 ಇಂಚಿನ ಸಣ್ಣ ಕಪಾಟು ಕೈಕೊಟ್ಟಿತು. ಎರಡು ಕಂಬಗಳ ನಡುವಿನ ಖಾಲಿ ಜಾಗ ಹದಿನಾಲ್ಕೂವರೆ ಇಂಚು. ನನ್ನ ಕಪಾಟು ಸರಿಯಾಗಿ ಅದರೊಳಗೇ ಬಿತ್ತು, ಯಾವ ಕಂಬಕ್ಕೂ ತಾಗದೆ. ಪಕ್ಕದ ಕಪಾಟಿಗೆ ಬಿಗಿದು ಮುಗಿಸೋಣ ಅಂದುಕೊಂಡೆ. ಅಮ್ಮ ಅಲ್ಲಿ ಬೇಳೆ ಡಬ್ಬಗಳನ್ನು ತುಂಬುವುದು ನೆನಪಾಗಿ ಮನಸ್ಸು ಒಪ್ಪಲಿಲ್ಲ. ಜಿಪ್ಸಂ ಕೊಯ್ದೆ. ಹದಿನಾಲ್ಕೂವರೆ ಇಂಚಿನ ಎರಡು ಅಡ್ಡಪಟ್ಟಿ ಕತ್ತರಿಸಿ, ಕಪಾಟಿನ ಮೇಲಿನ ಅಂಚಿಗೊಂದು ಕೆಳಗಿನ ಅಂಚಿಗೊಂದು ಬರುವಂತೆ ಕಂಬಗಳ ನಡುವೆ ಸೇರಿಸಿ, ಎರಡೂ ಬದಿಗೆ ಓರೆಯಾಗಿ ಸ್ಕ್ರೂ ಬಿಗಿದೆ. ಟಾರ್ಚ್ ಹಿಡಿದಿದ್ದ ಅಪ್ಪ ತೂತಿನೊಳಗೆ ಇಣುಕಿ, ಮರ ಮುಟ್ಟಿ ನೋಡಿ, "ಹಿಂಗೆ ಮೊದಲೇ ತೋರಿಸಬಾರದಿತ್ತಾ" ಅಂದರು.

ಸಂಜೆ ನಾನು ಬೇಡ ಬೇಡ ಅಂದರೂ ಕೇಳದೆ ಆ ಸಣ್ಣ ಕಪಾಟನ್ನೇ ಎರಡೂ ಕೈಯಲ್ಲಿ ಹಿಡಿದು ಜೋತುಬಿದ್ದರು. ಏನೂ ಅಲುಗಲಿಲ್ಲ. ಬಾಗಿಲುಗಳ ಸಂದು ಹೊಂದಿಸುವುದು ಇನ್ನೂ ಬಾಕಿ ಇದೆ.