ಬಡ್ಡಿ ಅಸಲಾಗುವ ದಿನ: ಬನಹಟ್ಟಿಯ ಒಂದು ಮಗ್ಗದ ಮನೆಯ ಲೆಕ್ಕ

ನಾನು ಬಾಗಲಕೋಟೆ ಜಿಲ್ಲೆಯ ಬನಹಟ್ಟಿಯವನು. ಮನೆಯಲ್ಲಿ ನಾಲ್ಕು ವಿದ್ಯುತ್ ಮಗ್ಗಗಳಿವೆ. ಸರಳ ಬಡ್ಡಿ, ಚಕ್ರಬಡ್ಡಿ ಎರಡರ ಸೂತ್ರಗಳನ್ನೂ ಶಾಲೆಯಲ್ಲಿ ಬಾಯಿಪಾಠ ಮಾಡಿದ್ದೆ, ಪರೀಕ್ಷೆ ಮುಗಿದ ಮೇಲೆ ಮರೆತಿದ್ದೆ. 2019ರಲ್ಲಿ ತಂದೆಯವರು ವ್ಯವಹಾರವನ್ನು ನನಗೆ ಒಪ್ಪಿಸಿದಾಗ ಟ್ರಂಕಿನಲ್ಲಿ ಎರಡು ಪ್ರಾಮಿಸರಿ ನೋಟುಗಳ, ಅಂದರೆ ಸಾಲ ತೀರಿಸುತ್ತೇನೆಂದು ಸಾಲಗಾರ ಸಹಿ ಮಾಡಿಕೊಟ್ಟ ಪತ್ರಗಳ, ಜೆರಾಕ್ಸ್ ಪ್ರತಿಗಳು ಸಿಕ್ಕವು. 2013ರ ನೋಟಿನಲ್ಲಿ 50,000 ರೂಪಾಯಿ ಎಂದಿತ್ತು. 2016ರದರಲ್ಲಿ 86,000 ಎಂದಿತ್ತು. ನಡುವೆ ತಂದೆಯವರು ಒಂದು ರೂಪಾಯಿಯನ್ನೂ ಹೊಸದಾಗಿ ತಂದಿರಲಿಲ್ಲ, ಕಟ್ಟಿಯೂ ಇರಲಿಲ್ಲ.

ಬಡ್ಡಿ ನಮ್ಮ ಕಡೆ ಎಲ್ಲರಿಗೂ ತಿಳಿದ ‘ನೂರಕ್ಕೆ ಎರಡು’, ಅಂದರೆ ತಿಂಗಳಿಗೆ ನೂರು ರೂಪಾಯಿಗೆ ಎರಡು ರೂಪಾಯಿ. ಕೇಳುವಾಗ ಎರಡು ಎಂಬ ಅಂಕಿ ಸಣ್ಣದಾಗಿ ಕೇಳಿಸುತ್ತದೆ, ವರ್ಷಕ್ಕೆ ಅದು ಶೇ. 24. ಮೂರು ವರ್ಷಕ್ಕೆ ಶೇ. 72 ಆಗುವುದರಿಂದ 50,000ಕ್ಕೆ 36,000 ಬಡ್ಡಿ ಕೂಡಿ 86,000 ಆಗಿತ್ತು. ಇಲ್ಲಿಯವರೆಗೆ ಸರಳ ಬಡ್ಡಿಯೇ. ಆದರೆ ಎರಡನೆಯ ನೋಟಿನಲ್ಲಿ ಆ 86,000ವೂ ಅಸಲೆಂದೇ ಬರೆದಿದ್ದರಿಂದ, ಮುಂದಿನ ಮೂರು ವರ್ಷಕ್ಕೆ ಅದರ ಮೇಲೆ 61,920 ಬಡ್ಡಿ ಹುಟ್ಟಿ, ನಾನು ಲೆಕ್ಕಕ್ಕೆ ಕೂತ ದಿನ ಬಾಕಿ 1,47,920 ಆಗಿತ್ತು. ಮೊದಲ ನೋಟನ್ನೇ ಆರು ವರ್ಷ ನಡೆಸಿದ್ದರೆ 72,000 ಬಡ್ಡಿ ಸೇರಿ 1,22,000 ಆಗುತ್ತಿತ್ತು. ವರ್ಷಕ್ಕೊಮ್ಮೆ ಬಡ್ಡಿಯನ್ನು ಅಸಲಿಗೆ ಸೇರಿಸಿದ್ದರೆ 1,81,761. ದರ ಒಂದೇ, ಅವಧಿ ಒಂದೇ, ಮೊತ್ತ ಮಾತ್ರ ಮೂರು.

ಸಾಲ ಕೊಟ್ಟ ಸಾವಕಾರರು ಕೆಟ್ಟವರಲ್ಲ. ನೂಲು ತರಲು ಹಣವಿಲ್ಲದ ದಿನ ಕೈಗಡವನ್ನೂ ಕೊಟ್ಟವರು. ನಾನು ಲೆಕ್ಕದ ವಹಿ ಹಿಡಿದು ಹೋಗಿ, ‘ಕಾಕಾ, ಇದು ಚಕ್ರಬಡ್ಡಿ ಆತಲ್ರಿ’ ಎಂದಾಗ ಅವರು ನಿಜವಾಗಿಯೂ ನೊಂದುಕೊಂಡರು. ‘ನಾ ಯಾವತ್ತರ ಚಕ್ರಬಡ್ಡಿ ಹಚ್ಚೇನೇನೋ ತಮ್ಮಾ? ನೂರಕ್ಕ ಎರಡು ಅಂದಿದ್ದೆ, ಎರಡ ಹಿಡದೇನಿ’ ಎಂದರು. ಅವರ ಮಾತಿನಲ್ಲಿ ಸುಳ್ಳಿರಲಿಲ್ಲ. ಚಕ್ರಬಡ್ಡಿ ಎಂಬ ಶಬ್ದ ಯಾವ ಕಾಗದದಲ್ಲಿಯೂ ಇರಲಿಲ್ಲ. ನೋಟು ಬದಲಿಸಿದ ಆ ಒಂದು ದಿನದಲ್ಲಿ ಬಡ್ಡಿ ಸದ್ದಿಲ್ಲದೆ ಅಸಲಾಗಿತ್ತು, ಅಷ್ಟೆ. ಅಂದಿನಿಂದ ಯಾವ ಸಾಲವನ್ನು ನೋಡಿದರೂ ಅದರ ಹೆಸರು ಸರಳವೋ ಚಕ್ರವೋ ಎಂದು ಕೇಳುವುದನ್ನು ಬಿಟ್ಟು, ಬಡ್ಡಿ ಯಾವ ದಿನ ಅಸಲಿಗೆ ಸೇರುತ್ತದೆ ಎಂದು ಕೇಳುತ್ತೇನೆ.

ಮೂರು ವರ್ಷಕ್ಕೇ ನೋಟು ಏಕೆ ಬದಲಾಗುತ್ತದೆ ಎಂಬುದಕ್ಕೆ ಕಾರಣ 1963ರ ಕಾಲಮಿತಿ ಕಾಯ್ದೆ. ಬೇಡಿದಾಗ ಕೊಡಬೇಕಾದ ಪ್ರಾಮಿಸರಿ ನೋಟಿನ ಮೇಲೆ, ಬರೆದ ದಿನದಿಂದ ಮೂರು ವರ್ಷದೊಳಗೆ ದಾವೆ ಹೂಡಬೇಕು. ಆದ್ದರಿಂದ ಅವಧಿ ಮುಗಿಯುವ ಮೊದಲು ಸಾಲ ಕೊಟ್ಟವನು ಹೊಸ ನೋಟು ಕೇಳುವುದು ಸಹಜ. ಆದರೆ ಅವಧಿಯನ್ನು ಮುಂದುವರಿಸಲು ಹೊಸ ನೋಟೇ ಬೇಕೆಂದಿಲ್ಲ. ಒಂದಿಷ್ಟು ಹಣ ಕಟ್ಟಿ, ಹಳೆಯ ನೋಟಿನ ಹಿಂಬದಿಯಲ್ಲಿ ಆ ಸಂದಾಯವನ್ನು ಸಾಲಗಾರನೇ ಬರೆದು ಸಹಿ ಮಾಡಿದರೂ ಹೊಸ ಕಾಲಮಿತಿ ಆರಂಭವಾಗುತ್ತದೆ, ಅಸಲು ಮಾತ್ರ ಇದ್ದಲ್ಲೇ ಇರುತ್ತದೆ. ತಂದೆಯವರಿಗೆ ಇದು ಗೊತ್ತಿದ್ದರೆ 25,920 ರೂಪಾಯಿ ಉಳಿಯುತ್ತಿತ್ತು. ಹಿಂದಿನ ಮುಂಬಯಿ ಪ್ರಾಂತದ ನ್ಯಾಯಾಲಯಗಳು ಹಿಂದೂ ಸಾಲಗಾರರ ವಿಷಯದಲ್ಲಿ ‘ದಾಮದುಪಟ’ ಎಂಬ ಹಳೆಯ ನಿಯಮವನ್ನು ಪಾಲಿಸುತ್ತಿದ್ದವು. ಒಂದೇ ಸಲಕ್ಕೆ ವಸೂಲು ಮಾಡುವ ಬಡ್ಡಿ ಅಸಲನ್ನು ಮೀರಬಾರದು ಎಂಬುದು ಅದರ ತಿರುಳು. ಆ ನಿಯಮಕ್ಕೂ ಇದೇ ಕಿಂಡಿ ಇತ್ತು: ಇಬ್ಬರೂ ಒಪ್ಪಿ ಹೊಸ ಪತ್ರ ಬರೆದುಕೊಂಡರೆ ಹಳೆಯ ಬಡ್ಡಿಯೂ ಅಸಲೆನಿಸಿಕೊಳ್ಳುತ್ತಿತ್ತು.

ಮೂರನೆಯ ನೋಟಿಗೆ ಸಹಿ ಮಾಡಿದ್ದರೆ 2022ಕ್ಕೆ ಬಾಕಿ 2,54,422 ಆಗುತ್ತಿತ್ತು. ಅದನ್ನು ಕಾಕಾ ಅವರ ಎದುರಿಗೇ ವಹಿಯಲ್ಲಿ ಬರೆದು ತೋರಿಸಿದೆ. ಎರಡು ಸಂಜೆ ಮಾತಾಗಿ 1,28,000ಕ್ಕೆ ಬಗೆಹರಿಯಿತು. ಅಮ್ಮ ತನ್ನ ಬೋರಮಾಳ ಮತ್ತು ಪಾಟಲಿಗಳನ್ನು ಕೊಟ್ಟಳು. ಅವುಗಳ ಮೇಲೆ ಬ್ಯಾಂಕೊಂದರಲ್ಲಿ ವರ್ಷಕ್ಕೆ ಶೇ. 9ರಂತೆ ಚಿನ್ನದ ಸಾಲ ತೆಗೆದು ಹಳೆಯ ಸಾಲವನ್ನು ತೀರಿಸಿದೆ. ಬ್ಯಾಂಕಿನಲ್ಲಿಯೂ ಅದೇ ಪ್ರಶ್ನೆಯನ್ನು ಕೇಳಿದಾಗ, ಪ್ರತಿ ತಿಂಗಳ ಕೊನೆಗೆ ಬಡ್ಡಿ ಅಸಲಿಗೆ ಸೇರುತ್ತದೆ ಎಂಬ ಉತ್ತರ ಬಂತು. ಹಾಗಾದರೆ ತಿಂಗಳ ಕೊನೆಗಿಂತ ಮೊದಲೇ ಬಡ್ಡಿಯ 960 ರೂಪಾಯಿ ಕಟ್ಟಿಬಿಟ್ಟರೆ ಸೇರಲು ಏನೂ ಉಳಿಯುವುದಿಲ್ಲ. ಹಾಗೆಯೇ ಮಾಡಿದೆ, ಸೀರೆಯ ಹಣ ಬಂದಾಗಲೆಲ್ಲ ಅಸಲಿಗೂ ಒಂದಿಷ್ಟು ಕಟ್ಟಿದೆ.

2020ರ ಲಾಕ್‌ಡೌನಿನಲ್ಲಿ ಮಗ್ಗಗಳು ನಿಂತವು. ಆ ವರ್ಷದ ಕೊನೆಗೆ ಕೇಂದ್ರ ಸರ್ಕಾರ, ಮಾರ್ಚ್ 1ರಿಂದ ಆಗಸ್ಟ್ 31ರವರೆಗಿನ ಆರು ತಿಂಗಳಿಗೆ ಚಕ್ರಬಡ್ಡಿಗೂ ಸರಳ ಬಡ್ಡಿಗೂ ಇರುವ ವ್ಯತ್ಯಾಸವನ್ನು ಎರಡು ಕೋಟಿಯವರೆಗಿನ ಸಾಲಗಾರರಿಗೆ ಮರಳಿಸಿತು. ದೊಡ್ಡ ಮೊತ್ತ ಬಂದೀತೆಂದು ಮನೆಯವರೆಲ್ಲ ಕಾದರು. ಶೇ. 9ರ ದರದಲ್ಲಿ ಒಂದು ಲಕ್ಷಕ್ಕೆ ಆರು ತಿಂಗಳಿಗೆ ಆ ವ್ಯತ್ಯಾಸ ಸುಮಾರು 85 ರೂಪಾಯಿ ಮಾತ್ರ! ದರ ಕಡಿಮೆಯಿದ್ದು ಅವಧಿಯೂ ಚಿಕ್ಕದಿದ್ದರೆ ಚಕ್ರಬಡ್ಡಿಯೂ ಬಡವನೇ ಎಂಬುದು ಆಗ ಕಣ್ಣಿಗೆ ಕಂಡಿತು.

ಇಷ್ಟೆಲ್ಲ ತಿಳಿದ ಮೇಲೂ 2021ರಲ್ಲಿ ಮತ್ತೆ ಮೋಸಹೋದೆ. ಈ ಸಲ ಸರಳ ಬಡ್ಡಿಯಿಂದ. ಹಳೆಯ ಮಗ್ಗವೊಂದನ್ನು ಕೊಳ್ಳಲು ಒಂದು ಫೈನಾನ್ಸಿನಿಂದ ಶೇ. 12ರ ‘ಫ್ಲ್ಯಾಟ್’ ದರದಲ್ಲಿ 1,20,000 ರೂಪಾಯಿಯನ್ನು ಮೂರು ವರ್ಷಕ್ಕೆ ಪಡೆದೆ. ಬಡ್ಡಿ 43,200, ಕಂತು ತಿಂಗಳಿಗೆ 4,533. ಬಡ್ಡಿ ಅಸಲಿಗೆ ಸೇರುವ ಪ್ರಶ್ನೆಯೇ ಇರಲಿಲ್ಲ, ಆದ್ದರಿಂದ ನಿಶ್ಚಿಂತನಾಗಿದ್ದೆ. ಆದರೆ ಕಂತು ಕಟ್ಟುತ್ತ ಹೋದಂತೆ ಅಸಲು ಇಳಿಯುತ್ತಿದ್ದರೂ, ಮೂವತ್ತಾರನೆಯ ತಿಂಗಳಲ್ಲಿಯೂ ನಾನು ಪೂರ್ತಿ 1,20,000ದ ಮೇಲೆಯೇ ಬಡ್ಡಿ ಕಟ್ಟುತ್ತಿದ್ದೆ. ಉಳಿದ ಬಾಕಿಯ ಮೇಲೆ ಲೆಕ್ಕ ಹಾಕುವ ಶೇ. 12ರ ಸಾಲವಾಗಿದ್ದರೆ ಕಂತು 3,986, ಒಟ್ಟು ಬಡ್ಡಿ ಸುಮಾರು 23,490 ಆಗುತ್ತಿತ್ತು. ನನ್ನ ‘ಹನ್ನೆರಡು’ ನಿಜದಲ್ಲಿ ಶೇ. 21ಕ್ಕೂ ಹೆಚ್ಚು. ಇದು ತಿಳಿದದ್ದು ಹನ್ನೊಂದು ಕಂತು ಕಟ್ಟಿದ ಮೇಲೆ, ಮಗಳ ಮೊಬೈಲಿನ ಕಂತು ಲೆಕ್ಕದಲ್ಲಿ. ಈಗ ಹೊಸದಾಗಿ ಸಾಲ ಪಡೆಯುವವರಿಗೆ ಇಷ್ಟು ಪಾಡಿಲ್ಲ. ರಿಸರ್ವ್ ಬ್ಯಾಂಕಿನ ಆದೇಶದಂತೆ 2024ರ ಅಕ್ಟೋಬರ್ 1ರಿಂದ ಬ್ಯಾಂಕು ಮತ್ತು ಫೈನಾನ್ಸ್ ಕಂಪನಿಗಳು ಎಲ್ಲ ಖರ್ಚು ಸೇರಿದ ವಾರ್ಷಿಕ ದರವನ್ನು ಬರೆದ ಮುಖ್ಯಾಂಶಗಳ ಪತ್ರವನ್ನು ಸಾಲಗಾರನಿಗೆ ಕೊಡಬೇಕು. ಕಂತು ತಪ್ಪಿದಾಗಿನ ದಂಡವನ್ನು ಅಸಲಿಗೆ ಸೇರಿಸಿ ಅದರ ಮೇಲೆ ಬಡ್ಡಿ ಹಾಕಬಾರದೆಂದು 2023ರ ಆಗಸ್ಟ್‌ನಲ್ಲಿಯೇ ಅದು ಹೇಳಿದೆ. ಸಹಿಗೆ ಮೊದಲು ನಾನು ಆ ಪತ್ರವನ್ನು ಕೇಳಿ ಓದುತ್ತೇನೆ. ‘ಓದೂದೇನೈತ್ರಿ’ ಎಂದು ಎದುರಿಗಿದ್ದವರು ಅವಸರ ಮಾಡಿದರೆ ಇನ್ನೂ ನಿಧಾನವಾಗಿ ಓದುತ್ತೇನೆ.

ಉಳಿತಾಯದ ಕಡೆಗೂ ಇದೇ ಲೆಕ್ಕವನ್ನು ತಿರುಗಿಸಿ ನೋಡಿದೆ. ದಿನವೂ ಒಂದಿಷ್ಟು ಕಟ್ಟುವ ಪಿಗ್ಮಿ ಖಾತೆಯಲ್ಲಿ ನಮ್ಮ ಹಣ ಶೇ. 3ರಂತೆ ಬೆಳೆಯುತ್ತಿರುವಾಗ ಅದೇ ಮನೆಯಲ್ಲಿ ಶೇ. 21ರ ಸಾಲ ಇಟ್ಟುಕೊಳ್ಳುವುದರಲ್ಲಿ ಅರ್ಥವಿರಲಿಲ್ಲ. ಆಪತ್ತಿಗೆಂದು 15,000 ಉಳಿಸಲೇಬೇಕೆಂದು ಹೆಂಡತಿ ಹಟ ಹಿಡಿದಳು, ಅದು ಸರಿಯೇ. ಉಳಿದದ್ದನ್ನೆಲ್ಲ ತೆಗೆದು ಫೈನಾನ್ಸಿನ ಬಾಕಿಗೆ ಕಟ್ಟಿದೆ.

2024ರಲ್ಲಿ ಸಾಲ ಮುಗಿದ ಮೇಲೆ ಅಂಚೆ ಕಚೇರಿಯಲ್ಲಿ ತಿಂಗಳಿಗೆ 1,000 ರೂಪಾಯಿಯ ಐದು ವರ್ಷದ ಆರ್‌ಡಿ ತೆರೆದೆ. ದರ ಶೇ. 6.7, ಬಡ್ಡಿ ಮೂರು ತಿಂಗಳಿಗೊಮ್ಮೆ ಅಸಲಿಗೆ ಸೇರುತ್ತದೆ. ಕಟ್ಟುವುದು 60,000, ಬರುವುದು 71,366. ಸರಳ ಬಡ್ಡಿಯಾಗಿದ್ದರೆ 70,217 ಬರುತ್ತಿತ್ತು. ಐದು ವರ್ಷದಲ್ಲಿ ಚಕ್ರದ ಗಳಿಕೆ 1,149 ರೂಪಾಯಿ. ಇದನ್ನು ನೋಡಿ ಮಗಳು ‘ಇಷ್ಟನಾ?’ ಎಂದಳು. ಆಗ ಅವಳಿಗೆ ಶೇ. 7.5ರ ಕಿಸಾನ್ ವಿಕಾಸ್ ಪತ್ರದ ಲೆಕ್ಕವನ್ನು ಹಾಕಿ ತೋರಿಸಿದೆ: ವರ್ಷಕ್ಕೊಮ್ಮೆ ಬಡ್ಡಿ ಸೇರುವುದರಿಂದ ಹಣ 115 ತಿಂಗಳಲ್ಲಿ ಎರಡರಷ್ಟಾಗುತ್ತದೆ, ಸರಳ ಬಡ್ಡಿಯಲ್ಲಿ ಅದಕ್ಕೆ 160 ತಿಂಗಳು ಬೇಕು. ನಲವತ್ತೈದು ತಿಂಗಳೆಂದರೆ ಎಷ್ಟು ದೀಪಾವಳಿ ಎಂದು ಅವಳು ಬೆರಳು ಎಣಿಸತೊಡಗಿದಳು. ದೀಪಾವಳಿಯ ಪಾಡ್ಯದಂದು ನಾವು ಹೊಸ ವಹಿಗೆ ಪೂಜೆ ಮಾಡುತ್ತೇವೆ. ಆ ದಿನ ಹಳೆಯ ಬಾಕಿಯನ್ನು ಹೊಸ ವಹಿಗೆ ಇಳಿಸುವಾಗ ಅಸಲನ್ನೂ ಬಡ್ಡಿಯನ್ನೂ ಬೇರೆಬೇರೆ ಸಾಲಿನಲ್ಲಿ ಬರೆಯುವ ಕೆಲಸವನ್ನು ಈಗ ಅವಳೇ ಮಾಡುತ್ತಾಳೆ.