ಅಪ್ಪಯ್ಯನ ತಾಳಮದ್ದಳೆ ಸರ್ವರ್ ರಿಪೇರಿ ಮಾಡಿದ ಕಥೆ

ನಮ್ಮನೆ ಸಾಗರದಿಂದ ಸ್ವಲ್ಪ ಒಳಗೆ, ತೋಟದ ಮನೆ. ಅಪ್ಪಯ್ಯಂಗೆ ಮೊದಲಿಂದ್ಲೂ ತಾಳಮದ್ದಳೆ (ವೇಷ, ಕುಣಿತ ಇಲ್ದೆ ಕೂತೇ ನಡೆಸೋ ಯಕ್ಷಗಾನ) ಹುಚ್ಚು. ಟೇಪ್ ರೆಕಾರ್ಡರ್ ಹೆಗಲಿಗೆ ಹಾಕ್ಕೊಂಡು ಊರೂರು ತಿರುಗಿ ರೆಕಾರ್ಡ್ ಮಾಡಿದ ಕ್ಯಾಸೆಟ್ಟು ಒಂದು ಟ್ರಂಕ್ ತುಂಬಾ ಇತ್ತು, ಅದ್ರಲ್ಲಿ ಅರ್ಧ ಬೂಸ್ಟು ಹಿಡಿದು ಹೋಗಿತ್ತು. ಉಳಿದಿದ್ದನ್ನ ಭಾವ ಕೂತ್ಕೊಂಡು ಒಂದೊಂದೇ ಕಂಪ್ಯೂಟರ್‌ಗೆ ಹತ್ತಿಸಿಕೊಟ್ಟ. ಅರವತ್ತರ ಕ್ಯಾಸೆಟ್ಟು ಅಂದ್ರೆ ಒಂದು ಸೈಡ್ ಅರ್ಧ ಗಂಟೆ, ಒಂದು ರಾತ್ರಿಯ ಕೂಟಕ್ಕೆ ಏಳೆಂಟು ಕ್ಯಾಸೆಟ್ಟು, ಲೆಕ್ಕ ಹಾಕ್ಕೊಳ್ಳಿ ಎಷ್ಟು ಫೈಲ್ ಆಗಿರ್ಬಹುದು ಅಂತ. ಇದ್ರ ಜೊತೆಗೆ ಮದುವೆ, ಉಪನಯನದ ವಿಡಿಯೋ, ಹಳೇ ಡಿವಿಡಿಗಳು, ತಂಗಿ ಫೋನ್‌ದು, ನನ್ನ ಫೋನ್‌ದು, ಎಲ್ಲಾ ಸೇರಿ ಒಂದು ಕಡೆ ಇರ್ಲಿ ಅಂತ ಸರ್ವರ್ ಕಟ್ಟಿದ್ದು.

ಸರ್ವರ್ ಅಂದ್ರೆ ದೊಡ್ಡದೇನಲ್ಲ, ಮನೆಯವರೆಲ್ಲ ಫೈಲ್ ತಗೊಳ್ಳೋಕೆ ಸದಾ ಆನ್ ಇರೋ ಕಂಪ್ಯೂಟರ್ ಅಷ್ಟೇ. ಬೆಂಗಳೂರಲ್ಲಿ ಸೆಕೆಂಡ್ ಹ್ಯಾಂಡ್ ತಗೊಂಡ ಅಸೆಂಬಲ್ಡ್ ಡಬ್ಬ, ಐ5 ಆರನೇ ಜನರೇಶನ್ನು, 8 ಜಿಬಿ ರ್‍ಯಾಮು, ಓಎಸ್‌ಗೆ 120 ಜಿಬಿ ಎಸ್‌ಎಸ್‌ಡಿ, ಡೇಟಾಗೆ 4 ಟಿಬಿದು ಮೂರು ಹಾರ್ಡ್‌ಡಿಸ್ಕು. ಓಪನ್‌ಮೀಡಿಯಾವಾಲ್ಟ್ (ಡೆಬಿಯನ್ ಲಿನಕ್ಸ್ ಮೇಲೆ ಕಟ್ಟಿದ, ಫೈಲ್ ಸರ್ವರ್‌ಗೆ ಅಂತಲೇ ಇರೋ ಓಎಸ್) ಹಾಕಿ, ಎರಡು ಡಿಸ್ಕನ್ನ ಮರ್ಜರ್‌ಎಫ್‌ಎಸ್‌ನಲ್ಲಿ ಒಂದೇ ಫೋಲ್ಡರ್ ತರ ಕಾಣೋ ಹಾಗೆ ಮಾಡಿ, ಮೂರನೇದನ್ನ ಸ್ನ್ಯಾಪ್‌ರೇಡ್ ಪ್ಯಾರಿಟಿಗೆ (ಒಂದು ಡಿಸ್ಕ್ ಕೆಟ್ರೆ ಅದ್ರ ಫೈಲ್ ಮತ್ತೆ ಕಟ್ಟೋಕೆ ಬೇಕಾದ ಲೆಕ್ಕ) ಬಿಟ್ಟೆ. ನೋಡೋಕೆ, ಕೇಳೋಕೆ ಜೆಲ್ಲಿಫಿನ್ ಅನ್ನೋ ಸಾಫ್ಟ್‌ವೇರ್, ಡಾಕರ್‌ನಲ್ಲಿ (ಸಾಫ್ಟ್‌ವೇರನ್ನ ಉಳಿದದ್ರಿಂದ ಬೇರೆಯಾಗಿಡೋ ಡಬ್ಬಿ ತರ). ರೇಡ್ (ಬರೆಯೋ ಹೊತ್ತಿಗೇ ಡೇಟಾನ ಡಿಸ್ಕ್‌ಗಳಿಗೆ ಹಂಚಿ ಕಾಪಾಡೋ ವ್ಯವಸ್ಥೆ) ಯಾಕೆ ಹಾಕ್ಲಿಲ್ಲ ಅಂತ ಕೇಳೋರಿಗೆ: ನಮ್ಮ ಫೈಲ್‌ಗಳು ಒಂದ್ಸಲ ಬಂದು ಕೂತ್ರೆ ಮತ್ತೆ ಬದಲಾಗೋದಿಲ್ಲ, ಅಂಥದ್ದಕ್ಕೆ ದಿನಕ್ಕೊಂದ್ಸಲ ಪ್ಯಾರಿಟಿ ಲೆಕ್ಕ ಹಾಕಿದ್ರೆ ಸಾಕು, ಮತ್ತೆ ಎಷ್ಟೇ ಕೆಟ್ರೂ ಒಂದೊಂದು ಡಿಸ್ಕನ್ನೂ ಬಿಚ್ಚಿ ಬೇರೆ ಲಿನಕ್ಸ್ ಕಂಪ್ಯೂಟರ್‌ಗೆ ಸಿಗಿಸಿದ್ರೆ ಅದ್ರಲ್ಲಿರೋ ಫೈಲ್ ಓದ್ಬಹುದು. ಊರಲ್ಲಿ ಬಿಟ್ಟು ಬರೋ ಮಷಿನ್‌ಗೆ ಅದು ಮುಖ್ಯ.

ನಾಲ್ಕು ತಿಂಗಳು ಚೆನ್ನಾಗಿ ನಡೀತು. ಮಳೆ ಶುರುವಾದ್ಮೇಲೆ ಅಪ್ಪಯ್ಯನ ಫೋನು ಶುರುವಾಯ್ತು.

"ಮತ್ತೆ ನಿಂತೋತಲೋ ಮಾರಾಯ. ಅರ್ಥ ಹೇಳ್ತಾ ಹೇಳ್ತಾ ಕೃಷ್ಣನೇ ಮಾಯ."

ನಾನು ಬೆಂಗಳೂರಲ್ಲಿ. ಊರಿನ ಫೈಬರ್ ಕನೆಕ್ಷನ್ನಲ್ಲಿ ನಮಗೇ ಅಂತ ಪಬ್ಲಿಕ್ ಐಪಿ (ಹೊರಗಿಂದ ನೇರ ತಲುಪೋ ವಿಳಾಸ) ಸಿಗೋದಿಲ್ಲ, ಪೋರ್ಟ್ ಫಾರ್ವರ್ಡ್ ಎಲ್ಲ ನಡೆಯೋದಿಲ್ಲ, ಅದಕ್ಕೆ ದೂರದಿಂದ ಒಳಗೆ ಹೋಗೋಕೆ ಟೇಲ್‌ಸ್ಕೇಲ್ ಹಾಕಿಟ್ಟಿದ್ದೆ. ಒಳಗೆ ಹೋಗಿ ಡಿಮೆಸ್ಗ್ (ಲಿನಕ್ಸ್ ಬರೆದಿಡೋ ದಿನಚರಿ) ನೋಡಿದ್ರೆ ಲಿಂಕ್ ಡೌನ್, ಹಾರ್ಡ್ ರಿಸೆಟಿಂಗ್ ಲಿಂಕ್, ಆಮೇಲೆ ರೀಡ್ ಫೇಲು, ಇದೇ ಸಾಲು ಸಾಲು. ಎಸ್‌ಡಿಬಿ ಅಂತ ಇದ್ದ ಡಿಸ್ಕು ಮಾಯ ಆಗಿ ಎಸ್‌ಡಿಇ ಅಂತ ಮರುಹುಟ್ಟು ಪಡೆದಿದೆ, ಆದ್ರೆ ಮೌಂಟ್ (ಡಿಸ್ಕನ್ನ ಒಂದು ಫೋಲ್ಡರ್‌ಗೆ ಜೋಡಿಸೋದು) ಮಾತ್ರ ಸತ್ತಿರೋ ಎಸ್‌ಡಿಬಿಗೇ ಅಂಟ್ಕೊಂಡಿದೆ. ಯಾವ ಫೈಲ್ ಮುಟ್ಟಿದ್ರೂ ಇನ್‌ಪುಟ್ ಔಟ್‌ಪುಟ್ ಎರರ್. ರೀಬೂಟ್ ಮಾಡಿದ್ರೆ ಏನೂ ಆಗೇ ಇಲ್ಲ ಅನ್ನೋ ತರ ಎಲ್ಲಾ ಸರಿ.

ಡಿಸ್ಕ್ ಹೋಯ್ತು ಅನ್ಕೊಂಡೆ. ಯಾರಾದ್ರೂ ಹಾಗೇ ಅನ್ಕೊಳ್ತಾರೆ. ಗಾಬರಿಲಿ 8 ಟಿಬಿದು ಹೊಸ ಎಕ್ಸ್‌ಟರ್ನಲ್ ಡಿಸ್ಕ್ ಆರ್ಡರ್ ಮಾಡಿಬಿಟ್ಟೆ. ಅದು ಬರೋಷ್ಟ್ರಲ್ಲಿ ಸ್ಮಾರ್ಟ್ ರಿಪೋರ್ಟ್ (ಡಿಸ್ಕು ತನ್ನ ಆರೋಗ್ಯದ ಬಗ್ಗೆ ತಾನೇ ಇಡೋ ಲೆಕ್ಕ) ಸರಿಯಾಗಿ ಓದೋಣ ಅಂತ ಕೂತೆ, ಅದನ್ನ ಆರ್ಡರ್ ಮಾಡೋ ಮೊದಲೇ ಮಾಡ್ಬೇಕಿತ್ತು. ಆ ಟೇಬಲ್ ನೋಡಿ ಗಾಬರಿ ಬೀಳ್ಬೇಡಿ, ನೋಡ್ಬೇಕಾಗಿರೋದು ಮೂರ್ನಾಲ್ಕೇ ಸಾಲು. 5ನೇದು ಕೆಟ್ಟು ಬೇರೆ ಜಾಗಕ್ಕೆ ಹೋದ ಸೆಕ್ಟರ್, 197 ಓದೋಕಾಗದೆ ಕಾಯ್ತಿರೋ ಸೆಕ್ಟರ್, 198 ಓದೋಕೇ ಆಗದ್ದು. ನಂದ್ರಲ್ಲಿ ಮೂರೂ ಸೊನ್ನೆ. ಅಂದ್ರೆ ತಟ್ಟೆ ಸರಿಯಿದೆ. ಆದ್ರೆ 199, ಸಿಆರ್‌ಸಿ ಎರರ್ ಅನ್ನೋದು ಸಾವಿರ ದಾಟಿತ್ತು. ಅದು ಡಿಸ್ಕ್ ಒಳಗಿನ ಲೆಕ್ಕ ಅಲ್ಲ, ಡಿಸ್ಕಿಂದ ಮದರ್‌ಬೋರ್ಡ್‌ವರೆಗಿನ ದಾರೀಲಿ ಕೆಟ್ಟ ಡೇಟಾದ ಲೆಕ್ಕ. ಈ ಸಂಖ್ಯೆ ಇಳಿಯೋದಿಲ್ಲ, ಏರ್ತಾ ಇದ್ಯಾ ನಿಂತಿದ್ಯಾ ಅಂತ ನೋಡ್ಬೇಕು ಅಷ್ಟೇ.

ಸರಿ, ಕೇಬಲ್ಲು. ಶನಿವಾರ ಊರಿಗೆ ಹೋಗಿ ಮೂರೂ ಸಾಟಾ ಕೇಬಲ್ ಬದಲಾಯಿಸಿ, ಹಳೇದ್ರ ಮೂತಿ ನೋಡಿದ್ರೆ ಹಸಿರು ಹಿಡಿದಿತ್ತು, ನಮ್ಮಲ್ಲಿ ಮಳೆಗಾಲ ಅಂದ್ರೆ ಗೋಡೆಯೇ ಬೆವರುತ್ತೆ, ಇನ್ನು ತಾಮ್ರ ಏನು ಲೆಕ್ಕ, ಗೆದ್ದೆ ಅನ್ಕೊಂಡು ವಾಪಸ್ ಬಂದೆ. ನಾಲ್ಕು ದಿನ ಶಾಂತಿ. ಐದನೇ ದಿನ ರಾತ್ರಿ ಊಟದ ಹೊತ್ತಿಗೆ ಫೋನು.

ಈ ಸಲ 199 ನಿಂತಿತ್ತು, ಒಂದೂ ಏರಿಲ್ಲ. ಆದ್ರೂ ಡಿಸ್ಕ್ ಬಿದ್ದಿದೆ. ಅಂದ್ರೆ ಎರಡು ಕಾಯಿಲೆ ಇತ್ತು, ಒಂದಕ್ಕೆ ಮದ್ದು ಮಾಡಿದ್ದೆ. ಎರಡ್ಮೂರು ದಿನ ತಲೆ ಕೆಡಿಸ್ಕೊಂಡ್ಮೇಲೆ ಕಣ್ಣಿಗೆ ಬಿದ್ದಿದ್ದು 12ನೇ ಸಾಲು, ಪವರ್ ಸೈಕಲ್ ಕೌಂಟ್. ಡಿಸ್ಕ್‌ಗೆ ಎಷ್ಟು ಸಲ ಕರೆಂಟ್ ಬಂದಿದೆ ಅನ್ನೋ ಲೆಕ್ಕ. ಒಂದೇ ದಿನ ತಗೊಂಡ ಮೂರು ಡಿಸ್ಕು, ಒಂದೇ ಡಬ್ಬದಲ್ಲಿರೋದು, ಮೂರಕ್ಕೂ ಹೆಚ್ಚುಕಮ್ಮಿ ಒಂದೇ ಸಂಖ್ಯೆ ಇರ್ಬೇಕು ತಾನೇ? ಎರಡು ಡಿಸ್ಕಲ್ಲಿ 41, ಒಂದ್ರಲ್ಲಿ 63. ಸರ್ವರ್ ರೀಬೂಟೇ ಆಗಿಲ್ದೆ ಇದ್ದ ದಿನಗಳಲ್ಲೂ ಆ ಒಂದು ಡಿಸ್ಕು ಮಾತ್ರ ಕರೆಂಟ್ ಹೋಗಿ ಬಂದು ಮಾಡ್ತಿತ್ತು!

ಆಮೇಲೆ ಎಲ್ಲಾ ಜೋಡಣೆ ಆಯ್ತು. ಹಳೇ ಎಸ್‌ಎಂಪಿಎಸ್‌ನಲ್ಲಿ (ಕಂಪ್ಯೂಟರಿನ ಪವರ್ ಸಪ್ಲೈ) ಸಾಟಾ ಪವರ್ ಪಿನ್ ಇದ್ದಿದ್ದು ಎರಡೇ, ನನಗೆ ಬೇಕಾಗಿದ್ದು ನಾಲ್ಕು, ಅದಕ್ಕೆ ಒಂದು ಪಿನ್ನಿಂದ ಹೆಚ್ಚು ಕವಲು ತೆಗೆಯೋ ಅಗ್ಗದ ಸ್ಪ್ಲಿಟರ್ ಹಾಕಿದ್ದೆ. ಡಿಸ್ಕ್‌ಗಳಿಗೆ 20 ನಿಮಿಷ ಕೆಲಸ ಇಲ್ದಿದ್ರೆ ಮಲ್ಕೊಳ್ಳಿ ಅಂತಲೂ ಹೇಳಿದ್ದೆ, ಎಚ್‌ಡಿಪಾರ್ಮ್‌ನಲ್ಲಿ 240 ಅಂತ. (ಇದ್ರ ಲೆಕ್ಕ ವಿಚಿತ್ರ, 240 ಅಂದ್ರೆ 5 ಸೆಕೆಂಡಿನ 240 ತುಂಡು, 241 ಅಂದ್ರೆ ನೇರ ಅರ್ಧ ಗಂಟೆ.) ಅಪ್ಪಯ್ಯ ರಾತ್ರಿ ಎಂಟೂವರೆಗೆ ಪಾಸ್ ಮಾಡಿ ಊಟಕ್ಕೆ ಹೋಗ್ತಾರೆ, ಊಟ, ಎಲೆ ಅಡಿಕೆ, ಆಯಿ ಹತ್ರ ನಾಲ್ಕು ಮಾತು, ಆರಾಮಾಗಿ ಮುಕ್ಕಾಲು ಗಂಟೆ. ಡಿಸ್ಕೆಲ್ಲಾ ಮಲಗಿರುತ್ತೆ. ಬಂದು ಲಿಸ್ಟ್ ತೆಗೆದ ತಕ್ಷಣ ಫೈಲ್ ಇರೋ ಎರಡೂ ಒಟ್ಟಿಗೆ ಏಳುತ್ತೆ. ಮೂರೂವರೆ ಇಂಚಿನ ಡಿಸ್ಕು ತಿರುಗೋಕೆ ಶುರು ಮಾಡೋ ಆ ಕೆಲವು ಸೆಕೆಂಡು 12 ವೋಲ್ಟ್ ಲೈನಿಂದ ಸುಮಾರು 2 ಆಂಪಿಯರ್ ಎಳೆಯುತ್ತೆ, ಆಮೇಲೆ ಅದ್ರ ಕಾಲು ಭಾಗವೂ ಬೇಡ. ಸ್ಪ್ಲಿಟರ್ ತುದೀಲಿರೋ ಬಡಪಾಯಿಗೆ ವೋಲ್ಟೇಜ್ ಸಾಲದೆ ಬಿದ್ದೋಗ್ತಿತ್ತು. ಅದಕ್ಕೇ ಯಾವಾಗ್ಲೂ ಊಟ ಆದ್ಮೇಲೇ ಕೃಷ್ಣ ಮಾಯ ಆಗ್ತಿದ್ದಿದ್ದು.

ಮುಂದಿನ ಸಲ ಹೋದಾಗ ಸ್ಪ್ಲಿಟರ್ ಬಿಚ್ಚಿ ನೋಡಿದೆ. ಪ್ಲಾಸ್ಟಿಕ್ಕನ್ನ ಕರಗಿಸಿ ತಂತಿ ಸುತ್ತ ಎರಕ ಹೊಯ್ದು ಮಾಡಿರೋ ಜಾತಿದು. ಹಳದಿ ತಂತಿ ಹತ್ರ ಬಿಳಿ ಪ್ಲಾಸ್ಟಿಕ್ಕು ಚಹಾ ಬಣ್ಣಕ್ಕೆ ತಿರುಗಿತ್ತು, ಮೂಗಿಗೆ ಹಿಡಿದ್ರೆ ಸುಟ್ಟ ವಾಸನೆ. ಇನ್ನೊಂದು ಮಳೆಗಾಲ ಬಿಟ್ಟಿದ್ರೆ ಬೆಂಕಿಯೇ. ಈ ಎರಕದ ಸ್ಪ್ಲಿಟರ್ ಯಾರೂ ಹಾಕ್ಬೇಡಿ, ಹಾಕಲೇಬೇಕು ಅಂದ್ರೆ ತಂತಿಯನ್ನ ಒಂದೊಂದಾಗಿ ಒತ್ತಿ ಕೂರಿಸಿರೋದು ಸಿಗುತ್ತೆ, ಅದನ್ನ ತಗೊಳ್ಳಿ. ನಾನು ಎಸ್‌ಎಂಪಿಎಸ್ಸನ್ನೇ ಬದಲಾಯಿಸ್ದೆ, ಐದು ಸಾಟಾ ಪಿನ್ ಇರೋದು. ಡಿಸ್ಕ್ ಮಲಗಿಸೋದನ್ನೂ ತೆಗೆದೆ. ಮೂರು ಡಿಸ್ಕು ಸುಮ್ನೆ ತಿರುಗ್ತಾ ಇದ್ರೆ ಹದಿನಾಲ್ಕು ವ್ಯಾಟ್ ಹತ್ರ, ತಿಂಗಳಿಗೆ ಹತ್ತು ಯುನಿಟ್. ಅಷ್ಟು ಕೊಡ್ಬಹುದು.

ಈ ಗಲಾಟೆ ಮಧ್ಯೆ ಇನ್ನೊಂದು ಎಡವಟ್ಟು ಆಗಿತ್ತು. ಒಂದ್ಸಲ ರೀಬೂಟ್‌ನಲ್ಲಿ ಆ ಡಿಸ್ಕು ಏಳ್ಲೇ ಇಲ್ಲ. ಮೌಂಟ್ ಆಗದ ಡಿಸ್ಕಿನ ಜಾಗದಲ್ಲಿ ಖಾಲಿ ಫೋಲ್ಡರ್ ಇರುತ್ತಲ್ಲ, ಅದು ಇರೋದು ಓಎಸ್ ಇರೋ ಎಸ್‌ಎಸ್‌ಡಿಲಿ. ತಂಗಿ ಫೋನಿಂದ ಬರೋ ವಿಡಿಯೋ ಎಲ್ಲಾ ಅಲ್ಲಿಗೇ ತುಂಬಿ 120 ಜಿಬಿ ಪೂರ್ತಿ ಭರ್ತಿ, ಜೆಲ್ಲಿಫಿನ್ನೂ ಮಲ್ಕೊಳ್ತು. ಇದಕ್ಕೆ ಪರಿಹಾರ ಒಂದೇ ಸಾಲಿನ ಕಮಾಂಡು: ಡಿಸ್ಕ್ ಮೌಂಟ್ ಆಗಿಲ್ದೆ ಇರುವಾಗ ಆ ಖಾಲಿ ಫೋಲ್ಡರ್ ಮೇಲೆ ಸಿಹೆಚ್‌ಆಟರ್ ಪ್ಲಸ್ ಐ ಹಾಕೋದು. ಆಮೇಲೆ ರೂಟ್ (ಎಲ್ಲಾ ಅಧಿಕಾರ ಇರೋ ಯೂಸರ್) ಬಂದ್ರೂ ಅದ್ರೊಳಗೆ ಏನೂ ಬರೆಯೋಕಾಗೋದಿಲ್ಲ, ಡಿಸ್ಕ್ ಮೌಂಟ್ ಆದ್ರೆ ಮಾಮೂಲಿ ತರ ಕೆಲಸ ಮಾಡುತ್ತೆ. ಸ್ನ್ಯಾಪ್‌ರೇಡ್ ಮಾತ್ರ ಅವತ್ತು ಜಾಣತನ ತೋರಿಸ್ತು, ಈ ಡಿಸ್ಕಲ್ಲಿದ್ದ ಫೈಲ್ ಒಂದೂ ಕಾಣ್ತಿಲ್ಲ, ನಾನು ಸಿಂಕ್ (ಪ್ಯಾರಿಟಿ ಹೊಸದಾಗಿ ಬರೆಯೋದು) ಮಾಡೋದಿಲ್ಲ ಅಂತ ನಿಂತ್ಕೊಂಡಿತ್ತು. ಫೋರ್ಸ್ ಎಂಪ್ಟಿ ಅನ್ನೋ ಆಪ್ಷನ್ ಕೊಟ್ಟಿದ್ರೆ ಪ್ಯಾರಿಟಿಯೂ ನೀರಲ್ಲಿ ಹೋಮ.

ಕರೆಂಟ್ ವಿಷಯ. ಇನ್ವರ್ಟರ್ ಇದೆ, ಆದ್ರೂ ಕರೆಂಟ್ ಹೋದಾಗ ಸರ್ವರ್ ಒಂದ್ಸಲ ರೀಸ್ಟಾರ್ಟ್ ಆಗ್ತಿತ್ತು. ಕಂಪ್ಯೂಟರ್ ಎಸ್‌ಎಂಪಿಎಸ್ಸು ಕರೆಂಟಿಲ್ದೆ ತಡ್ಕೊಳ್ಳೋದು ಸುಮಾರು 16 ಮಿಲಿಸೆಕೆಂಡು, ಇನ್ವರ್ಟರ್ ಅದಕ್ಕಿಂತ ನಿಧಾನಕ್ಕೆ ಬದಲಾದ್ರೆ ಕಥೆ ಮುಗೀತು. ನಮ್ಮ ಇನ್ವರ್ಟರ್ ಹಿಂದೆ ಯುಪಿಎಸ್, ಇಕೋ ಅಂತ ಸಣ್ಣ ಸ್ವಿಚ್ ಇದೆ, ಹಾಕಿದವರು ಇಕೋದಲ್ಲಿ ಬಿಟ್ಟು ಹೋಗಿದ್ರು, ಹತ್ತು ವರ್ಷ ಯಾರೂ ಮುಟ್ಟಿರ್ಲಿಲ್ಲ. ಯುಪಿಎಸ್‌ಗೆ ತಿರುಗಿಸಿದ್ಮೇಲೆ ರೀಸ್ಟಾರ್ಟ್ ನಿಂತ್ತು. ಆದ್ರೆ ನಮ್ಮಲ್ಲಿ ಮರ ಬಿದ್ರೆ ಎರಡು ದಿನ ಕರೆಂಟ್ ಇರೋದಿಲ್ಲ, ಇನ್ವರ್ಟರ್ ಬ್ಯಾಟರಿಯೂ ಖಾಲಿ ಆಗುತ್ತೆ, ಅದಕ್ಕೆ ಯುಎಸ್‌ಬಿ ಇರೋ ಸಣ್ಣ 600 ವಿಎ ಯುಪಿಎಸ್ ಹಾಕಿ ಯುಪಿಎಸ್ ಮಾತು ಕೇಳಿ ಸರ್ವರ್ ಆಫ್ ಮಾಡೋ ನಟ್ ಅನ್ನೋ ಸಾಫ್ಟ್‌ವೇರ್ ಸೇರಿಸ್ದೆ. ಅಗ್ಗದ ಯುಪಿಎಸ್‌ಗಳು ಬ್ಯಾಟರಿ ಎಷ್ಟಿದೆ ಅಂತ ಹೇಳೋದು ಶುದ್ಧ ಸುಳ್ಳು, ಅದನ್ನ ನಂಬದೆ ಬ್ಯಾಟರಿಗೆ ಬಂದು ನಾಲ್ಕು ನಿಮಿಷ ಆದ್ರೆ ಶಟ್‌ಡೌನ್ ಅಂತ ಟೈಮರ್ ಇಟ್ಟಿದೀನಿ. ಬಯಾಸ್‌ನಲ್ಲಿ ಕರೆಂಟ್ ಬಂದ್ರೆ ತಾನೇ ಆನ್ ಆಗೋ ಆಪ್ಷನ್ ಹಾಕಿದ್ರೆ ಸಾಲದು, ಸರ್ವರ್ ಆಫ್ ಆಗ್ತಾ ಯುಪಿಎಸ್‌ಗೂ ಔಟ್‌ಪುಟ್ ಕಡಿ ಅಂತ ಹೇಳ್ಬೇಕು, ಇಲ್ದಿದ್ರೆ ಯುಪಿಎಸ್ ಖಾಲಿ ಆಗೋ ಮೊದಲೇ ಕರೆಂಟ್ ಬಂದಾಗ ಸರ್ವರ್ ಪಾಲಿಗೆ ಕರೆಂಟ್ ಹೋಗೇ ಇಲ್ಲ, ಹಾಗೇ ಮಲಗಿರುತ್ತೆ.

ಇನ್ನು ಫೈಲ್ ಹೆಸರು. ಇದು ಕನ್ನಡದವರಿಗೇ ಬರೋ ಕಾಯಿಲೆ, ಅದಕ್ಕೆ ಸ್ವಲ್ಪ ವಿವರವಾಗಿ ಹೇಳ್ತೀನಿ. ಭಾವ ಶಿಸ್ತಿನ ಮನುಷ್ಯ. ಒಂದೊಂದು ಫೈಲ್‌ಗೂ ತಾರೀಖು, ಊರು, ಪ್ರಸಂಗ, ಭಾಗವತರು, ಮದ್ದಳೆ ಯಾರು, ಅರ್ಥಧಾರಿಗಳು ಯಾರ್‍ಯಾರು, ಕ್ಯಾಸೆಟ್ ನಂಬರು, ಸೈಡು, ಎಲ್ಲಾ ಕನ್ನಡದಲ್ಲೇ ಹೆಸರಿಟ್ಟಿದ್ದ. ಅವನ ವಿಂಡೋಸ್ ಡಿಸ್ಕಿಂದ ಕಾಪಿ ಮಾಡೋಕೆ ಹೋದ್ರೆ ನೂರಾರು ಫೈಲ್‌ಗೆ ಹೆಸರು ಉದ್ದ ಆಯ್ತು ಅಂತ ಎರರ್. ಅಲ್ಲಿ ಸರಿಯಿದ್ದಿದ್ದು ಇಲ್ಲಿ ಯಾಕೆ ಉದ್ದ ಆಯ್ತು? ಎರಡರಲ್ಲೂ ಮಿತಿ 255, ಆದ್ರೆ ವಿಂಡೋಸ್‌ನ ಎನ್‌ಟಿಎಫ್‌ಎಸ್ ಕನ್ನಡದ ಒಂದು ಚಿಹ್ನೆಯನ್ನ ಒಂದು ಅಂತ ಎಣಿಸುತ್ತೆ, ಲಿನಕ್ಸ್‌ನ ಇಎಕ್ಸ್‌ಟಿ4 ಬೈಟ್ ಎಣಿಸುತ್ತೆ. ಕನ್ನಡದ ಒಂದೊಂದು ಚಿಹ್ನೆಗೂ ಯುಟಿಎಫ್-8ನಲ್ಲಿ (ಚಿಹ್ನೆಗಳನ್ನ ಬೈಟ್ ಆಗಿ ಬರೆಯೋ ಪದ್ಧತಿ) 3 ಬೈಟು. ಅಂದ್ರೆ ಸಿಗೋದು 85 ಚಿಹ್ನೆ. ಅದೂ ನಮ್ಮ ಕಣ್ಣಿಗೆ ಕಾಣೋ ಅಕ್ಷರ ಅಲ್ಲ. 'ಸ್ತ್ರೀ' ನಮಗೆ ಒಂದಕ್ಷರ, ಅದ್ರೊಳಗೆ ಸ, ಹಲಂತ, ತ, ಹಲಂತ, ರ, ದೀರ್ಘದ ಗುಡಿಸು ಅಂತ ಆರು ಚಿಹ್ನೆ, 18 ಬೈಟು. ಭಾಗವತರ ಹೆಸರಲ್ಲಿ ಎರಡು ಒತ್ತಕ್ಷರ, ಊರಿನ ಹೆಸರಲ್ಲಿ ಒಂದು ಇದ್ರೆ ಅಲ್ಲಿಗೇ ಕಾಲುಭಾಗ ಖರ್ಚು.

ಕೊನೆಗೆ ಹೆಸರನ್ನ ತಾರೀಖು, ಪ್ರಸಂಗ, ಸೈಡ್ ನಂಬರಿಗೆ ಇಳಿಸಿ, ಉಳಿದ ವಿವರ ಎಲ್ಲಾ ಎಂಪಿ3 ಟ್ಯಾಗ್ ಒಳಗೆ ಹಾಕೋ ಪೈಥಾನ್ ಸ್ಕ್ರಿಪ್ಟ್ ಬರೆದೆ. ಅದರಿಂದ ಇನ್ನೊಂದು ಉಪಕಾರ ಆಯ್ತು, ಭಾಗವತರ ಹೆಸರು ಆರ್ಟಿಸ್ಟ್ ಜಾಗಕ್ಕೆ ಹೋಗಿದ್ರಿಂದ ಅಪ್ಪಯ್ಯ ಈಗ ಒಬ್ಬರದ್ದೇ ಪದ ಸಾಲಾಗಿ ಕೇಳ್ಬಹುದು.

ತಂಗಿಯ ಹಳೇ ಮ್ಯಾಕ್‌ಬುಕ್ಕಿಂದ ಬಂದಿದ್ದು ಬೇರೆಯೇ ತಮಾಷೆ. 'ಮೇಳ' ಅನ್ನೋ ಫೋಲ್ಡರ್ ಎರಡು ಕಾಣ್ತಿತ್ತು, ಒಂದೇ ಹೆಸರು, ಅಕ್ಷರದಲ್ಲಿ ಕೂದಲೆಳೆ ವ್ಯತ್ಯಾಸ ಇಲ್ಲ. ಹಳೇ ಮ್ಯಾಕ್‌ಗಳು ಹೆಸರನ್ನ ಬಿಡಿಸಿ ಇಡ್ತವೆ, 'ಮೇ'ಯ ಏತ್ವವನ್ನ ಮೊದಲು ಎತ್ವ, ಆಮೇಲೆ ದೀರ್ಘದ ಗುರುತು ಅಂತ ಎರಡಾಗಿ. ಲಿನಕ್ಸ್‌ಗೆ ಅದು ಬೇರೆ ಹೆಸರು. ಕಾನ್ವ್‌ಎಂವಿ ಅನ್ನೋ ಸಣ್ಣ ಟೂಲ್ ಇದೆ, ಎನ್‌ಎಫ್‌ಸಿ ಅಂತ ಕೊಟ್ರೆ ಬಿಡಿಸಿಟ್ಟ ಹೆಸರನ್ನ ಕೂಡಿಸಿದ ರೂಪಕ್ಕೆ ತರುತ್ತೆ.

ಜೆಲ್ಲಿಫಿನ್‌ನಲ್ಲಿ ನಾನು ಮಾಡಿದ್ದು ಜಾಸ್ತಿ ಇಲ್ಲ. ಮನೆ ವಿಡಿಯೋ ಇರೋ ಲೈಬ್ರರಿಗೆ ಇಂಟರ್‌ನೆಟ್ಟಿಂದ ಪೋಸ್ಟರ್ ತರೋದನ್ನ ಪೂರ್ತಿ ಆಫ್ ಮಾಡ್ದೆ, ಮೊದಲು ಹಾಗೇ ಬಿಟ್ಟಿದ್ದಾಗ ನನ್ನ ಉಪನಯನಕ್ಕೆ ಯಾವ್ದೋ ಇಂಗ್ಲಿಷ್ ದೆವ್ವದ ಸಿನಿಮಾ ಪೋಸ್ಟರ್ ಬಂದು ಕೂತಿತ್ತು. ಸಬ್‌ಟೈಟಲ್‌ನಲ್ಲಿ ಕನ್ನಡದ ಬದಲು ಚೌಕ ಚೌಕ ಬರ್ತಿತ್ತು. ಡೆಬಿಯನ್‌ನಲ್ಲಿ ಗುಬ್ಬಿ, ನವಿಲು ಅಂತ ಚಂದದ ಕನ್ನಡ ಫಾಂಟ್ ಪ್ಯಾಕೇಜ್ ಇದೆ, ಹಾಕ್ದೆ, ಚೌಕ ಹೋಗ್ಲಿಲ್ಲ. ಒಂದು ಸಂಜೆ ಪೂರ್ತಿ ಹೋಯ್ತು. ಡಾಕರ್ ಒಳಗಿರೋ ಜೆಲ್ಲಿಫಿನ್‌ಗೆ ಹೊರಗಿನ ಫಾಂಟ್ ಕಾಣೋದಿಲ್ಲ ಅನ್ನೋದು ಮಲಗೋಕೆ ಹೋದ್ಮೇಲೆ ಹೊಳೀತು, ಎದ್ದು ಬಂದು ಫಾಂಟ್ ಫೋಲ್ಡರನ್ನ ಒಳಗೆ ಮೌಂಟ್ ಮಾಡಿದ್ಮೇಲೆ ಒತ್ತಕ್ಷರ ಸಮೇತ ಬಂತು. ಹೊಸ ಫೋನಿನ 10 ಬಿಟ್ ಹೆಚ್‌ಇವಿಸಿ ಅನ್ನೋ ಫಾರ್ಮ್ಯಾಟಿನ ವಿಡಿಯೋ ಮಾತ್ರ ಈ ಆರನೇ ಜನರೇಶನ್ ಪ್ರೊಸೆಸರಿಗೆ ಆಗ್ಬರೋದಿಲ್ಲ, ಅದಕ್ಕೆ ಪೂರ್ತಿ ಹಾರ್ಡ್‌ವೇರ್ ಸಪೋರ್ಟ್ ಬಂದಿದ್ದು ಏಳನೇದ್ರಿಂದ. ಟಿವಿಯೇ ನೇರ ಪ್ಲೇ ಮಾಡೋ ಹಾಗೆ ಬಿಟ್ಟಿದೀನಿ.

ಗಾಬರೀಲಿ ತಗೊಂಡ ಆ 8 ಟಿಬಿ ಡಿಸ್ಕು ಈಗ ಬೆಂಗಳೂರಲ್ಲಿ ನನ್ನ ಬೀರುವಿನಲ್ಲಿದೆ. ಪ್ಯಾರಿಟಿ ಇದ್ದ ಮಾತ್ರಕ್ಕೆ ಅದು ಬ್ಯಾಕಪ್ ಅಲ್ಲ, ಸಿಡಿಲು ಬಡಿದ್ರೆ ಮೂರೂ ಡಿಸ್ಕು ಒಟ್ಟಿಗೆ ಹೋಗುತ್ತೆ, ಹೋದ ಮೇ ತಿಂಗಳಲ್ಲಿ ರೂಟರಿನ ಎರಡು ಲ್ಯಾನ್ ಪೋರ್ಟ್ ಹಾಗೇ ಹೋಗಿದ್ದು. ಎರಡು ತಿಂಗಳಿಗೊಮ್ಮೆ ಊರಿಗೆ ಹೋಗುವಾಗ ಅದನ್ನ ಟವೆಲ್‌ನಲ್ಲಿ ಸುತ್ತಿ ಬ್ಯಾಗಲ್ಲಿಟ್ಕೊಂಡು ಹೋಗ್ತೀನಿ, ರಾತ್ರಿ ಆರ್‌ಸಿಂಕ್‌ಗೆ (ಹೊಸದು, ಬದಲಾದದ್ದು ಮಾತ್ರ ಕಾಪಿ ಮಾಡೋ ಟೂಲ್) ಬಿಟ್ಟು ಮಲಗ್ತೀನಿ, ವಾಪಸ್ ಬರುವಾಗ ಅದೇ ಟವೆಲ್‌ನಲ್ಲಿ ಸುತ್ತಿ ಆಯಿ ಹಲಸಿನ ಹಪ್ಪಳದ ಡಬ್ಬಿ ಮೇಲೆ ಇಡ್ತಾಳೆ, ಹಪ್ಪಳ ಮುರಿದ್ರೆ ನೋಡು ಅಂತ ಬೈದು.