ಮಹಾಪ್ರಾಣ ಕಲಿಸಲು ಕಾಗದದ ಪಟ್ಟಿ
ಶಿರಸಿ, ಸಿದ್ದಾಪುರದ ಕಡೆ ಮಕ್ಕಳಿಗೆ ಯಕ್ಷಗಾನದ ಮಾತು ಕಲಿಸುವವರು ಇದನ್ನು ಖಂಡಿತ ಮಾಡಿ ನೋಡಿ: ತುಟಿಯ ಮುಂದೆ, ಮೂರು ಬೆರಳಿನಷ್ಟು ದೂರದಲ್ಲಿ ತೆಳುವಾದ ಕಾಗದದ ಪಟ್ಟಿ ಹಿಡಿದು ‘ಪಲ’, ‘ಫಲ’ ಎಂದು ಹೇಳಿಸಿ. ಪಕಾರಕ್ಕೆ ಕಾಗದ ಹೆಚ್ಚುಕಡಿಮೆ ಸುಮ್ಮನಿರುತ್ತದೆ, ಫಕಾರಕ್ಕೆ ಪಟಪಟನೆ ಹಾರುತ್ತದೆ. ತುಟಿ ಬಿಚ್ಚಿಕೊಂಡ ಮೇಲೂ ಧ್ವನಿತಂತುಗಳು ಕಂಪಿಸಲು ಕ್ಷಣಕಾಲ ತಡಮಾಡುತ್ತವೆ. ಆ ಸಂದಿನಲ್ಲಿ ನುಗ್ಗುವ ಉಸಿರೇ ಇಲ್ಲಿನ ಮಹಾಪ್ರಾಣ. ಆದರೆ ಕೆಳತುಟಿಗೆ ಹಲ್ಲು ತಾಗಿಸಿ, ‘ಫ್ಯಾನ್’ ಎನ್ನುವಂತೆ ಹೇಳಿದರೂ ಕಾಗದ ಅಲುಗುತ್ತದೆ. ಆದ್ದರಿಂದ ಎರಡೂ ತುಟಿ ಪೂರ್ತಿ ಮುಚ್ಚಿ ತೆರೆಯುತ್ತಿವೆಯೇ ಎಂದು ಗಮನಿಸಲೇಬೇಕು. ಘ, ಧ, ಭಗಳಿಗೆ ಈ ಉಪಾಯ ಸಾಲದು: ಅಲ್ಲಿ ಉಸಿರಿನೊಂದಿಗೆ ನಾದವೂ ಬೆರೆಯುವುದರಿಂದ ಗಾಳಿಯ ರಭಸ ಕಡಿಮೆ. ಕಾರವಾರ, ಹೊನ್ನಾವರದವರು ಕಡಲ ಗಾಳಿ ಬೀಸುವ ಜಗಲಿ ಬಿಟ್ಟು ಒಳಕೋಣೆಯಲ್ಲಿ ಕೂರಿಸಿ ಮಾಡಿಸಿ.